ಎದುರು ತಂಡ ಹೇಳಿದ್ದು

ಜೂನ್ ೯, ಸೋಮವಾರ

ಕೆಲಸ ಸಿಕ್ಕಿತು! ಮದುವೆಯಾಗಿ ಸರಿಯಾಗಿ ನಲವತ್ತೊಂದನೆಯ ದಿನ ನಾನು ಡಿಬೇಟ್ ಕಲಿಸುವ ಮಿಸ್ ಆಗಿಬಿಟ್ಟೆ! ನಮ್ಮ ಬೀದಿಯ ತುದಿಯಲ್ಲಿರುವ ಶಾಲೆಯೇ. ಬಾಲ್ಕನಿಯಲ್ಲಿ ನಿಂತರೆ ಅದರ ನೀರಿನ ಟ್ಯಾಂಕು ಕಾಣುತ್ತದೆ. ಮಂಗಳವಾರ ಮತ್ತು ಶನಿವಾರ, ತರಗತಿಗಳೆಲ್ಲ ಮುಗಿದ ಮೇಲೆ ಒಂದೂವರೆ ಗಂಟೆ ಪಾಠ. ಹೆಡ್‌ಮಿಸ್ ನನ್ನ ಅರ್ಜಿಯಲ್ಲಿ ‘ಅಂತರಶಾಲಾ ಅತ್ಯುತ್ತಮ ಭಾಷಣಕಾರ್ತಿ’ ಎಂಬ ಸಾಲಿನ ಮೇಲೆ ಬೆರಳಿಟ್ಟು, “ಇದು ನೀವೇನಾ?” ಎಂದರು. ನಾನೇ! ಹನ್ನೊಂದು ವರ್ಷ ಕಳೆದರೂ ನಾನೇ!

ಅದಕ್ಕಿಂತ ದೊಡ್ಡ ಸುದ್ದಿ ಆಮೇಲೆ ಬಂತು. ಈ ವರ್ಷದ ಪಂದ್ಯದ ಫೈನಲ್ ಜುಲೈ ಇಪ್ಪತ್ತಾರಕ್ಕೆ, ಎಲ್ಲಿ ಗೊತ್ತೇ? ನಾನು ಓದಿದ ಶಾಲೆಯ ಸಭಾಂಗಣದಲ್ಲಿ! ಇಲ್ಲಿಂದ ರೈಲಿನಲ್ಲಿ ಮೂರು ಗಂಟೆಯ ದಾರಿ. ಆ ಸಭಾಂಗಣದ ಬಲಗೋಡೆಯಲ್ಲಿ ಒಂದು ಮರದ ಹಲಗೆ ಇದೆ. ಅದರ ಮೇಲೆ ವರ್ಷಕ್ಕೊಂದರಂತೆ ಚಿನ್ನದ ಬಣ್ಣದಲ್ಲಿ ಬರೆದ ಹೆಸರುಗಳು. ಕೆಳಗಿನಿಂದ ಹನ್ನೊಂದನೆಯದು ನನ್ನದು. ನನ್ನ ತಂಡವನ್ನು ಕರೆದುಕೊಂಡು ಆ ದೊಡ್ಡ ಬಾಗಿಲಿನಿಂದ ಒಳಗೆ ಹೋಗಬೇಕು, ಗಂಡನಿಗೆ ಬೆರಳು ಮಾಡಿ ನನ್ನ ಹೆಸರು ತೋರಿಸಬೇಕು. ಇಷ್ಟೇ ನನ್ನ ಆಸೆ. ಮೂರು ಸುತ್ತು ಇರುತ್ತವೆ, ಎರಡು ಗೆದ್ದರೆ ಫೈನಲ್. ಗೆಲ್ಲದೆ ಬಿಡುತ್ತೇನೆಯೇ?

ನನ್ನ ಗಂಡ (ಈ ಎರಡು ಪದ ಬರೆಯುವಾಗ ಇನ್ನೂ ನಗು ತಡೆಯಲಾಗುವುದಿಲ್ಲ) ಲಿಫ್ಟ್‌ಗಳನ್ನು ಪರೀಕ್ಷಿಸುವ ಇಂಜಿನಿಯರು. ದಿನವೆಲ್ಲ ಮೇಲೆ ಕೆಳಗೆ, ಮೇಲೆ ಕೆಳಗೆ. ಸಂಜೆ ಗ್ರೀಸಿನ ವಾಸನೆ ಹೊತ್ತು ಬರುತ್ತಾನೆ. ನನಗೆ ಆ ವಾಸನೆಯೂ ಇಷ್ಟ. ಸುದ್ದಿ ಕೇಳಿ, “ಅರೆ ವಾ! ಆದ್ರೆ ಕಣೇ, ಇವತ್ತು ನನ್ನ ಆಫೀಸಲ್ಲಿ…” ಎಂದು ಏನೋ ಹೇಳಹೊರಟ. ಅಷ್ಟರಲ್ಲಿ ನಾನು ಹಲಗೆಯ ಕಥೆ ಶುರುಮಾಡಿಬಿಟ್ಟಿದ್ದೆ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು. ತರಕಾರಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದರು: “ನಮ್ಮ ಕಾಲದಲ್ಲಿ ದೂರದೂರಿನ ಟ್ರಂಕ್ ಕಾಲ್ ಮೂರು ನಿಮಿಷ ಆಗ್ತಿದ್ದ ಹಾಗೆ ಕಟ್ ಮಾಡ್ತಿದ್ವಿ ಕಣಮ್ಮಾ. ನಿನ್ನ ಲೈನು ಯಾರು ಕಟ್ ಮಾಡ್ಬೇಕು?”

ಎಂಥ ಅತ್ತೆ ಸಿಕ್ಕಿದ್ದಾರೆ ನನಗೆ!

ಜೂನ್ ೧೦, ಮಂಗಳವಾರ

ಶಾಲೆ ಬಿಟ್ಟ ಮೇಲಿನ ತರಗತಿಯ ವಾಸನೆ ಎಲ್ಲ ಕಡೆಯೂ ಒಂದೇ. ಸೀಮೆಸುಣ್ಣ, ಬೆವರು, ಯಾರೋ ಬೆಂಚಿನಡಿ ಮರೆತುಹೋದ ಊಟದ ಡಬ್ಬಿ. ಬಾಗಿಲಲ್ಲೇ ನಿಂತು ಒಂದು ಸಲ ಉಸಿರೆಳೆದುಕೊಂಡೆ. ಕಣ್ಣಲ್ಲಿ ನೀರೇ ಬಂತು.

ಒಂಬತ್ತನೆಯ ತರಗತಿಯ ಮೂವರು ಉಳಿದುಕೊಂಡರು. ಒಬ್ಬಳಿಗೆ ಎಲ್ಲರೂ ‘ಮೈಕು’ ಎನ್ನುತ್ತಾರೆ. ಅವಳು ನೀರು ಕೇಳಿದರೂ ಪಕ್ಕದ ಕಟ್ಟಡಕ್ಕೆ ಕೇಳಿಸುತ್ತದೆ. ಇನ್ನೊಬ್ಬ ‘ಲಾಯರ್’. ಕಿಟಕಿ ಮುಚ್ಚಿದರೆ “ಇದಕ್ಕೆ ನನ್ನ ವಿರೋಧ ಇದೆ ಮಿಸ್” ಎನ್ನುತ್ತಾನೆ. ಮೂರನೆಯವಳು ‘ಗುಮಾಸ್ತೆ’. ಯಾರು ಬಾಯಿ ತೆರೆದರೂ ಬರೆದುಕೊಳ್ಳುತ್ತಾಳೆ. ನಾನು ಕೆಮ್ಮಿದ್ದನ್ನೂ ಬರೆದುಕೊಂಡಳೋ ಏನೋ! ಹಾಳೆಗೆ ಉದ್ದಕ್ಕೆ ಗೆರೆ ಎಳೆದು ಕಾಲಮ್ ಮಾಡಿಕೊಳ್ಳುತ್ತಾಳೆ. ಎಡಕ್ಕೆ ಎದುರಿನವರು ಹೇಳಿದ್ದು, ಬಲಕ್ಕೆ ನಾವು ಹೇಳಬೇಕಾದದ್ದು. ಅವಳ ಬಲಗಡೆ ಯಾವಾಗಲೂ ಖಾಲಿ. ಮಾತಾಡು ಎಂದರೆ ಒಂದು ವಾಕ್ಯ ಮುಗಿಯುವುದರೊಳಗೆ ಒಂದು ಬಸ್ಸು ಬಂದು ಹೋಗಬಹುದು.

ಮಕ್ಕಳಿಗೆ ನಿಯಮ ಹೇಳಿದೆ. ಮೊದಲನೆಯವರು ತಂಡದ ವಾದ ಕಟ್ಟುತ್ತಾರೆ, ಎರಡನೆಯವರು ಅದಕ್ಕೆ ಬಲ ತುಂಬುತ್ತಾರೆ. ಮೂರನೆಯವರು ಎದುರು ತಂಡ ಹೇಳಿದ್ದನ್ನು ಒಂದೊಂದಾಗಿ ಕೆಡವಬೇಕು. ಗೆಲುವು ಸೋಲು ಇರುವುದು ಆ ಮೂರನೆಯವರ ಕೈಯಲ್ಲಿ. ನಾನು ಮೂರನೆಯವಳಾಗಿದ್ದೆ ಎಂದೂ ಹೇಳಿದೆ. (ನಾಲ್ಕು ಸಲ ಹೇಳಿದೆನಂತೆ. ಗುಮಾಸ್ತೆಯ ಹಾಳೆಯಲ್ಲಿದೆ.)

ಮೈಕುವೇ ಮೂರನೆಯವಳು. ಲಾಯರ್ ಎರಡನೆಯವನು. ಗುಮಾಸ್ತೆ ಮೊದಲನೆಯವಳು. ಬರೆದದ್ದನ್ನು ಓದಿದರೆ ಸಾಕಲ್ಲ.

ಜೂನ್ ೨೧, ಶನಿವಾರ

ಇವತ್ತು ಪಾಠ ಅರ್ಧವಾಗಿರುವಾಗ ನಮ್ಮ ಫೈನಲ್ಲಿನ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಆ ಸಂಜೆಯೇ ಮರಳಿ ಬಂದಂತಾಯಿತು. ಎತ್ತರದ ಕಿಟಕಿಗಳು, ವೇದಿಕೆಯ ಮೇಲಿನ ಕೆಂಪು ಜಮಖಾನ, ಸಮಯ ಮುಗಿದಾಗ ಬಾರಿಸುವ ಹಿತ್ತಾಳೆ ಗಂಟೆ. ಎರಡು ಜಡೆಗೆ ಬಿಳಿ ರಿಬ್ಬನ್ನು ಕಟ್ಟಿಕೊಂಡಿದ್ದೆ. ‘ಯಂತ್ರಗಳು ಮನುಷ್ಯನನ್ನು ಒಂಟಿ ಮಾಡಿವೆ’ ಎಂಬುದು ವಿಷಯ, ನಾವು ವಿರೋಧ. ಏಳು ನಿಮಿಷ ನಾನು ಉಸಿರು ತೆಗೆದುಕೊಂಡೆನೋ ಇಲ್ಲವೋ ನೆನಪಿಲ್ಲ. ಕೊನೆಗೆ, “ಒಂಟಿತನ ಮೊದಲು ಬಂತು, ಯಂತ್ರ ಬಂದದ್ದು ಅದರ ಪಕ್ಕದಲ್ಲಿ ಕೂರೋದಕ್ಕೆ” ಎಂದಾಗ ಇಡೀ ಸಭಾಂಗಣ ಎದ್ದು ನಿಂತಿತು! ನಮ್ಮ ಡಿಬೇಟ್ ಮಿಸ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಹುಮಾನ ತೆಗೆದುಕೊಂಡು ಅಪ್ಪ, ಅಮ್ಮ, ಮಿಸ್, ಹಿಂದಿನ ಸುತ್ತುಗಳಿಗೆ ಕರೆದೊಯ್ದಿದ್ದ ವ್ಯಾನಿನ ಡ್ರೈವರ್, ಕೊನೆಗೆ ಶಾಲೆಯ ವಾಚ್‌ಮನ್ನಿಗೂ ಥ್ಯಾಂಕ್ಸ್ ಹೇಳಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಆಗ ನನ್ನ ಪಕ್ಕ ಕೂರುತ್ತಿದ್ದವಳು ‘ಕನ್ನಡಕ’. ಶಾಲೆಯಲ್ಲಿ ನನ್ನ ಜೀವದ ಗೆಳತಿ. ನಾನು ಮಾತಾಡಲು ಏಳುವ ಮೊದಲು ಚೀಟಿಗಳನ್ನು ತಳ್ಳುತ್ತಿದ್ದಳು. ಆ ವರ್ಷ ಶಾಲೆ ಮುಗಿದ ಮೇಲೆ ಯಾಕೋ ದೂರವಾದಳು. ಮದುವೆಯ ಕರೆಯೋಲೆ ಕಳಿಸಬೇಕೆಂದರೆ ವಿಳಾಸವೇ ಇರಲಿಲ್ಲ. ಕೆಲವರು ಹಾಗೆಯೇ.

ಕಥೆ ಮುಗಿದ ಮೇಲೆ ಗುಮಾಸ್ತೆ ಕೈ ಎತ್ತಿದಳು. “ಮಿಸ್… ಎದುರು ತಂಡದವರು… ಏನು ಹೇಳಿದ್ರು?”

ಯೋಚಿಸಿದೆ. ಒಂದೂ ನೆನಪಾಗಲಿಲ್ಲ. “ಅದೇ, ಏನೇನೋ” ಎಂದೆ.

ಜುಲೈ ೧, ಮಂಗಳವಾರ

ಶನಿವಾರ ಮೊದಲ ಸುತ್ತು. ‘ಮೃಗಾಲಯಗಳನ್ನು ಮುಚ್ಚಬೇಕು’, ನಾವು ಪರ. ಮೂವರ ಭಾಷಣವನ್ನೂ ನಾನೇ ಬರೆದುಕೊಟ್ಟಿದ್ದೇನೆ, ಮೈಕುವಿನ ಖಂಡನೆಯ ಭಾಷಣವನ್ನು ಸಹ! ಎದುರು ತಂಡದವರು ‘ಮೃಗಾಲಯದಿಂದ ಮಕ್ಕಳಿಗೆ ಪಾಠ’ ಎಂದೇ ಹೇಳುತ್ತಾರೆ. ಬೇರೆ ಏನಿದೆ ಹೇಳಲು? ಅದಕ್ಕೆ ಎಂಥ ಉತ್ತರ ಬರೆದಿದ್ದೇನೆಂದರೆ ನನ್ನ ಕೈಗೆ ನಾನೇ ಮುತ್ತು ಕೊಡಬೇಕು. ಮೈಕು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದಾಳೆ.

ಗಂಡ ಕೇಳಿಸಿಕೊಂಡು, “ಅವರು ಮಾತಾಡೋ ಮೊದಲೇ ಉತ್ತರ ಹೇಗೆ…” ಎಂದ. ಅವನಿಗೆ ಡಿಬೇಟ್ ಗೊತ್ತಿಲ್ಲ, ಪಾಪ. ಕೆನ್ನೆ ಹಿಂಡಿ ಮಲಗಿಸಿದೆ.

ಜುಲೈ ೫, ಶನಿವಾರ

ಸೋತೆವು.

ಎದುರು ತಂಡ ಮಕ್ಕಳ ಪಾಠದ ಮಾತೇ ಎತ್ತಲಿಲ್ಲ. ‘ಬೋನಿನಲ್ಲೇ ಹುಟ್ಟಿದ ಪ್ರಾಣಿಗಳನ್ನು ನಾಳೆ ಎಲ್ಲಿಗೆ ಕಳಿಸುತ್ತೀರಿ?’ ಎಂಬ ಒಂದೇ ಪ್ರಶ್ನೆಯನ್ನು ಮೂವರೂ ಸುತ್ತಿ ಸುತ್ತಿ ಕೇಳಿದರು. ಮೈಕು ಎದ್ದು ನಿಂತು, “ಮೃಗಾಲಯ ಮಕ್ಕಳಿಗೆ ಪಾಠಶಾಲೆ ಎಂದಿರಲ್ಲ, ಮಿತ್ರರೇ!” ಎಂದು ಗುಡುಗಿದಳು. ಎದುರಿನ ಮೂವರೂ ಮುಖ ಮುಖ ನೋಡಿಕೊಂಡರು. ಅವಳು ನಿಲ್ಲಿಸಲಿಲ್ಲ. ಹೇಗೆ ನಿಲ್ಲಿಸುತ್ತಾಳೆ? ನಾನು ಬರೆದುಕೊಟ್ಟದ್ದರಲ್ಲಿ ನಿಲ್ಲಿಸುವ ಜಾಗವೇ ಇರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು, ಅಯ್ಯೋ ಸಾಕು, ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ನಗುನಗುತ್ತಲೇ ಹೇಳಿದರು: “ಯಾರೂ ಕೇಳದ ಪ್ರಶ್ನೆಗೆ ಇಷ್ಟು ಚೆನ್ನಾದ ಉತ್ತರ ನಾನು ಇದುವರೆಗೂ ಕೇಳಿರಲಿಲ್ಲಮ್ಮಾ.”

ವ್ಯಾನಿನಲ್ಲಿ ಮೈಕು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಮೊದಲ ಸಲ ಅವಳ ದನಿ ಕೇಳಲು ನಾನು ಬಗ್ಗಬೇಕಾಯಿತು. “ಮಿಸ್, ಅವರು ಬೇರೆ ಏನೋ ಹೇಳ್ತಿದ್ದಾರೆ ಅಂತ ನಂಗೆ ಗೊತ್ತಾಗ್ತಿತ್ತು. ನಿಮ್ಮದು ಬಿಟ್ರೆ ನೀವು ಬೇಜಾರು ಮಾಡ್ಕೋತೀರ ಅಂತ…”

ಜುಲೈ ೬, ಭಾನುವಾರ

ಯಾರ ಹತ್ತಿರವೂ ಮಾತಾಡಲಿಲ್ಲ. ಬಟ್ಟೆ ಮಡಚಿದೆ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ.

ಗಂಡ ಅಮ್ಮನಿಗೆ, “ಏನಾಯ್ತಮ್ಮ, ನಮ್ಮ ರೇಡಿಯೋ ನಿಂತುಹೋಗಿದೆ?” ಎಂದ. ಅತ್ತೆ, “ಸುಮ್ನಿರೋ, ಬ್ಯಾಟರಿ ಅಲ್ಲ, ಸ್ಟೇಷನ್ ಹುಡುಕ್ತಿದ್ದಾಳೆ” ಎಂದರು. ನಗು ಬಂತು. ನಗಬಾರದೆಂದು ತಲೆದಿಂಬಿನಲ್ಲಿ ಮುಖ ಮುಚ್ಚಿಕೊಂಡೆ.

ಆಮೇಲೆ ಅತ್ತೆ ಪಕ್ಕ ಬಂದು ಕೂತು, ಎಕ್ಸ್‌ಚೇಂಜಿನ ಕಥೆ ಹೇಳಿದರು. ಹೊಸದಾಗಿ ಸೇರಿದಾಗ ಅವರಿಗೆ ತುಂಬ ಅವಸರವಂತೆ. ಅರ್ಧ ಕೇಳುವುದರೊಳಗೆ ಲೈನು ಕೊಟ್ಟುಬಿಡುತ್ತಿದ್ದರಂತೆ. ಒಂದು ಸಲ ಹೆರಿಗೆ ಆಸ್ಪತ್ರೆ ಕೇಳಿದವರಿಗೆ ಸಿಮೆಂಟಿನ ಗೋಡೌನು ಕೊಟ್ಟರು. “ಆ ಗಂಡಸು ‘ಗಂಡೋ ಹೆಣ್ಣೋ’ ಅಂತಾನೆ, ಗೋಡೌನವನು ‘ಐವತ್ತು ಮೂಟೆ’ ಅಂತಾನೆ! ಆಮೇಲೆ ನಮ್ಮ ಮೇಲಿನವರು ಒಂದು ನಿಯಮ ಮಾಡಿದ್ರು. ಅವರು ಏನು ಕೇಳಿದ್ರೋ ಅದನ್ನ ನಾವು ವಾಪಸ್ ಹೇಳ್ಬೇಕು. ಆ ಕಡೆಯಿಂದ ‘ಹೌದು’ ಅಂತ ಬರೋ ತನಕ ಲೈನು ಕೊಡೋ ಹಾಗಿಲ್ಲ. ಅಷ್ಟೇ ನೋಡು. ಮೂವತ್ತೊಂದು ವರ್ಷ ಅದರಲ್ಲೇ ಬದುಕಿದೆ.”

ಇನ್ನೆರಡನ್ನೂ ಗೆಲ್ಲಲೇಬೇಕು. ಇಲ್ಲದಿದ್ದರೆ ಸಭಾಂಗಣವಿಲ್ಲ.

ಜುಲೈ ೮, ಮಂಗಳವಾರ

ಅತ್ತೆಯ ನಿಯಮವನ್ನು ತರಗತಿಗೆ ಹೊತ್ತೊಯ್ದೆ. ಎದುರಿನವರು ಹೇಳಿದ್ದನ್ನು ಮೊದಲು ವಾಪಸ್ ಹೇಳಬೇಕು. ಅವರು “ಹೌದು” ಎನ್ನುವವರೆಗೆ ಉತ್ತರ ಕೊಡುವಂತಿಲ್ಲ.

ಅಬ್ಬಬ್ಬಾ, ಎಂಥ ಗಲಾಟೆ! ಲಾಯರ್ ಒಂದೇ ಮಾತನ್ನು ಆರು ಸಲ ವಾಪಸ್ ಹೇಳಿದ, ಆರೂ ಸಲ ಮೈಕು “ಅಲ್ಲ” ಎಂದಳು. “ನೀನು ಬೇಕಂತ ಅಲ್ಲ ಅಂತಿದ್ದೀಯ!” “ನೀನು ಬೇಕಂತ ತಪ್ಪು ಹೇಳ್ತಿದ್ದೀಯ!” “ಮಿಸ್, ಇದಕ್ಕೆ ನನ್ನ ವಿರೋಧ ಇದೆ!” ನನ್ನನ್ನೂ ಬಿಡಲಿಲ್ಲ. ಮೈಕು ಹೇಳಿದ್ದನ್ನು ನಾನು ವಾಪಸ್ ಹೇಳಿದಾಗ, “ಅದು ನಿಮ್ಮ ಮಾತಾಯ್ತು ಮಿಸ್, ನಾನು ಹಾಗಂದಿಲ್ಲ” ಎಂದಳು. ಮೂರು ಸಲ!

ಗುಮಾಸ್ತೆಯ ಸರದಿ ಬಂತು. ಹಾಳೆ ನೋಡಿದಳು, ಹಾಳೆ ಕೆಳಗಿಟ್ಟಳು. ನಿಧಾನವಾಗಿ, “ನೀನು ಹೇಳಿದ್ದು… ಇದು. ನೀನು ಹೇಳದೆ ಬಿಟ್ಟಿದ್ದು… ಇದು. ಸರೀನಾ?” ಎಂದಳು. ಮೈಕು “ಹೌದು” ಎಂದಳು. ಆಮೇಲೆ ಅವಳೇ ನನ್ನ ಕಡೆ ತಿರುಗಿದಳು. “ಮಿಸ್, ಮೂರನೆಯವಳು ಇವಳೇ ಆಗ್ಲಿ. ನಾನು ಮೊದಲು ಮಾತಾಡ್ತೀನಿ. ಗೋಡೆ ಅಲ್ಲಾಡಿಸಬೇಕು ಅಂದ್ರೆ ಮೊದಲೇ ಅಲ್ಲಾಡಿಸೋದು ಒಳ್ಳೇದು.”

ನಾನು ಹೂಂ ಎನ್ನಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ನಿಧಾನದ ಮಾತು ಏಳು ನಿಮಿಷದಲ್ಲಿ ಎಲ್ಲಿಗೆ ತಲುಪೀತು? ನನ್ನ ಸಭಾಂಗಣಕ್ಕಂತೂ ಅಲ್ಲ ಎನಿಸಿತು. ಆದರೂ ಹೂಂ ಎಂದೆ.

ಜುಲೈ ೧೨, ಶನಿವಾರ

ಗೆದ್ದೆವು! ಮೂರಕ್ಕೆ ಮೂರೂ ತೀರ್ಪು ನಮ್ಮ ಕಡೆ!

‘ಶಾಲೆಗಳಲ್ಲಿ ರ‍್ಯಾಂಕು ಪ್ರಕಟಿಸಬಾರದು’, ನಾವು ವಿರೋಧ. ಭಾಷಣ ನಾನು ಬರೆಯಲಿಲ್ಲ. ಬರೆಯಬಾರದೆಂದು ಪೆನ್ನನ್ನೇ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಗುಮಾಸ್ತೆ ಎದ್ದು ನಿಂತು ಪೂರ್ತಿ ಹತ್ತು ಸೆಕೆಂಡು ಸುಮ್ಮನಿದ್ದಳು. ಆಮೇಲೆ, “ನೀವು ಹೇಳಿದ್ದು ಮೂರು ಮಾತು” ಎಂದಳು. ಮೂರನ್ನೂ ಹೇಳಿದಳು. ಎದುರು ತಂಡದ ಹುಡುಗಿ ತನಗೆ ಗೊತ್ತಿಲ್ಲದೆಯೇ ತಲೆ ಆಡಿಸಿದಳು. “ಮೂರರಲ್ಲೂ ನೀವು ಹೇಳ್ತಿರೋದು ಸೋತ ಮಗು ಅಳತ್ತೆ ಅಂತ. ಅಳತ್ತೆ. ಆದ್ರೆ ಅಳೋ ಮಗುವಿನಿಂದ ರ‍್ಯಾಂಕು ಮುಚ್ಚಿಟ್ರೆ ಅದು ಯಾಕೆ ಅಂತ ಗೊತ್ತಾಗದೆ ಅಳತ್ತೆ.” ಅಷ್ಟೇ. ಕೂಗಲಿಲ್ಲ, ಕೈ ಬೀಸಲಿಲ್ಲ.

ವ್ಯಾನಿನಲ್ಲಿ ಮೈಕು ಹಾಡಿದಳು. ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು.

ಇನ್ನೊಂದು ಗೆದ್ದರೆ ಫೈನಲ್. ಗಂಡನಿಗೆ ರೈಲಿನ ವೇಳೆ ನೋಡಲು ಹೇಳಿದೆ. ಅವನು ಆಗಲೇ ನೋಡಿಟ್ಟಿದ್ದನಂತೆ! ಯಾವಾಗ ಎಂದು ಕೇಳಿದೆ. “ಜೂನ್ ಒಂಬತ್ತಕ್ಕೆ. ನೀನು ಕೆಲಸ ಸಿಕ್ಕಿದ ದಿನಾನೇ ಹೇಳಿದ್ಯಲ್ಲ, ಹೆಸರು ತೋರಿಸ್ತೀನಿ ಅಂತ. ಬೆಳಿಗ್ಗೆ ಆರೂ ಹತ್ತಕ್ಕೆ ಒಂದಿದೆ. ಕಿಟಕಿ ಪಕ್ಕದ ಸೀಟು ನಿಂಗೆ, ಅಮ್ಮನಿಗೆ ಎದುರುಗಡೆದು. ಆ ದಿನ ರಜಾನೂ ಹಾಕಿದ್ದೀನಿ ಕಣೇ.”

ಜುಲೈ ೧೫, ಮಂಗಳವಾರ

ಅಭ್ಯಾಸದ ನಡುವೆ ಗುಮಾಸ್ತೆ ಲಾಯರ್‌ಗೆ ಒಂದು ಚೀಟಿ ತಳ್ಳಿದಳು. ಬೆಂಚಿನ ಮೇಲೆ ಎರಡು ಬೆರಳಿನಿಂದ, ಶಬ್ದವಾಗದಂತೆ. ಕನ್ನಡಕ ತಳ್ಳುತ್ತಿದ್ದದ್ದೂ ಹಾಗೆಯೇ. ಪಾಠ ಬಿಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆ.

ನಮ್ಮ ಫೈನಲ್ಲಿನ ಆ ಸಂಜೆ ಅವಳಿಂದ ನಾಲ್ಕು ಚೀಟಿಗಳು ಬಂದಿದ್ದವು. ಮೊದಲ ಎರಡರಲ್ಲಿ ಎದುರು ತಂಡದವರ ವಾದ. ಅವರು ಹೇಳಿದ್ದು ಈಗ ನೆನಪಾಗುತ್ತಿದೆ: ಮೊದಲು ಬಾವಿಕಟ್ಟೆಯಲ್ಲಿ ಹತ್ತು ಜನ ಸೇರುತ್ತಿದ್ದರು, ಈಗ ಮನೆಮನೆಗೂ ನಲ್ಲಿ ಬಂದು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ ಎಂದಿದ್ದರು. ಚೆನ್ನಾಗಿತ್ತು ಆ ಮಾತು. ಮೂರನೆಯ ಚೀಟಿಯಲ್ಲಿ, ‘ಒಂಟಿತನ ಮೊದಲು ಬಂತು, ಯಂತ್ರ ಬಂದದ್ದು ಅದರ ಪಕ್ಕದಲ್ಲಿ ಕೂರೋದಕ್ಕೆ’ ಎಂದಿತ್ತು. ಗುಂಡು ಗುಂಡಾದ ಅಕ್ಷರ. ನನ್ನ ಅಕ್ಷರ ಯಾವತ್ತೂ ಗುಂಡಗಿಲ್ಲ.

ಆದರೂ ನಾನು ಹೇಳಿದ ರೀತಿಯೂ ಇತ್ತಲ್ಲ. ಸುಮ್ಮನೆ ಎದ್ದು ನಿಂತರೇ ಜನ?

ನಾಲ್ಕನೆಯದರಲ್ಲಿ ‘ನೀರು ಕುಡಿ, ಹೆದರಬೇಡ’ ಎಂದಷ್ಟೇ ಇತ್ತು. ಕುಡಿದಿದ್ದೆ.

ಬಹುಮಾನ ಕೊಟ್ಟಾಗ ಯಾರ‍್ಯಾರಿಗೆ ಥ್ಯಾಂಕ್ಸ್ ಹೇಳಿದ್ದೆನೆಂದು ಬೆರಳು ಮಡಚಿ ನೋಡಿದೆ. ಅಪ್ಪ. ಅಮ್ಮ. ಮಿಸ್. ಡ್ರೈವರ್. ವಾಚ್‌ಮನ್. ಇನ್ನೊಂದು ಸಲ ಮಡಚಿದೆ. ಐದೇ.

ಜುಲೈ ೧೯, ಶನಿವಾರ

ಎರಡು–ಒಂದು. ಸೋತೆವು.

‘ಹಳೆಯ ಕಟ್ಟಡಗಳನ್ನು ಕೆಡವದೆ ಉಳಿಸಿಕೊಳ್ಳಬೇಕು’. ನಾಣ್ಯ ಚಿಮ್ಮಿದಾಗ ನಮಗೆ ಬಂದದ್ದು ವಿರೋಧ. ಈ ವಿಷಯಕ್ಕೆ ನಾನೇ ಎದ್ದು ‘ಪರ’ ಎಂದು ಕೂಗಿಬಿಡುತ್ತಿದ್ದೆ. ಎದುರು ತಂಡದ ಹುಡುಗ ಬಹಳ ಚೆನ್ನಾಗಿ ಮಾತಾಡಿದ. ಸವೆದ ಹೊಸ್ತಿಲು ಎಂದರೆ ಅದನ್ನು ದಾಟಿದವರ ಲೆಕ್ಕ, ಅದನ್ನು ಕಿತ್ತರೆ ಅವರೆಲ್ಲ ಇನ್ನೊಂದು ಸಲ ಮನೆ ಬಿಟ್ಟು ಹೋದಂತೆ ಎಂದ.

ಗುಮಾಸ್ತೆ ಎದ್ದಳು. ಅವನು ಹೇಳಿದ್ದನ್ನು ವಾಪಸ್ ಹೇಳಿದಳು. ಹೇಗೆ ಹೇಳಿದಳೆಂದರೆ, ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಆ ಹುಡುಗನ ತಾಯಿ ಕಣ್ಣೊರೆಸಿಕೊಂಡರು! ಹುಡುಗ ತಾನೇ ಬಾಯಿಬಿಟ್ಟು “ಹೌದು” ಎಂದ. ಸಭೆ ನಕ್ಕಿತು. ಆಮೇಲೆ ಅವಳು ಹೇಳಿದಳು: “ಹೊಸ್ತಿಲು ಸವೆಸಿದವರ ಲೆಕ್ಕ ಸಿಗತ್ತೆ. ದಾಟೋದಕ್ಕೆ ಆಗದೇ ಇದ್ದವರ ಲೆಕ್ಕ ಎಲ್ಲಿ ಸಿಗತ್ತೆ? ನಮ್ಮದು ಹಳೇ ಕಟ್ಟಡ, ಮೂರನೇ ಮಹಡಿ, ಲಿಫ್ಟಿಲ್ಲ. ನಮ್ಮ ತಾತ ಕೆಳಗೆ ಇಳಿದು ಎರಡು ವರ್ಷ ಆಯ್ತು. ಅವರಿಗೆ…” ಅಷ್ಟರಲ್ಲಿ ಗಂಟೆ ಬಾರಿಸಿದರು. ಅವಳು ಇನ್ನೊಂದು ಅಕ್ಷರ ಆಡದೆ, ನಮಸ್ಕರಿಸಿ ಕೂತಳು. ನಾನಾಗಿದ್ದರೆ ಗಂಟೆಯ ಮೇಲೆಯೇ ಇನ್ನರ್ಧ ನಿಮಿಷ ಎಳೆಯುತ್ತಿದ್ದೆ.

ಹಿರಿಯ ತೀರ್ಪುಗಾರರು, “ಮಗೂ, ಎದುರಿನವರ ವಾದವನ್ನ ಅವರಿಗಿಂತ ಚೆನ್ನಾಗಿ ಹೇಳಿದೆ. ನಿನ್ನದಕ್ಕೆ ಸಮಯ ಉಳಿಸಿಕೊಳ್ಳಲಿಲ್ಲ. ನಿಯಮದ ಪ್ರಕಾರ ನಿನಗೆ ಅಂಕ ಕೊಡೋಕಾಗಲಿಲ್ಲ, ಕೊಡಬೇಕು ಅಂತ ಕೈ ತುಂಬ ತುರಿಸ್ತಿತ್ತು” ಎಂದರು.

ಎದುರು ತಂಡದ ಹುಡುಗ ಹೊರಗೆ ಬಂದು ಅವಳನ್ನು, “ನಿಮ್ಮ ತಾತನಿಗೆ ಏನು? ಆಮೇಲೆ ಏನು ಹೇಳ್ಬೇಕು ಅಂತಿದ್ದೆ?” ಎಂದು ಕೇಳಿದ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡಿದರು. ಲಾಯರ್ ಮತ್ತು ಮೈಕು ಹೋಗಿ ಸೇರಿಕೊಂಡರು. ವ್ಯಾನಿನ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ನಾನೇ ಹೋಗಿ, ಇನ್ನು ಹತ್ತು ನಿಮಿಷ ಬಿಡಿ ಅಣ್ಣಾ ಎಂದೆ.

ಮನೆಗೆ ಬಂದಾಗ ಗಂಡ ನನ್ನ ಮುಖ ನೋಡಿ, ಏನೂ ಕೇಳದೆ ಕಾಫಿ ಮಾಡಿದ. ಕುಡಿಯುತ್ತ, “ಹಳೇ ಕಟ್ಟಡಗಳಿಗೆ ಲಿಫ್ಟ್ ಹಾಕೋದು ಕಷ್ಟಾನಾ?” ಎಂದು ಕೇಳಿದೆ. ಅವನು ಕಾಗದ ತೆಗೆದುಕೊಂಡು ಚಿತ್ರ ಬರೆದು ತೋರಿಸಿದ. ಮೆಟ್ಟಿಲ ನಡುವಿನ ಸಂದಿ ಅಳೆಯಬೇಕಂತೆ, ಎಷ್ಟೋ ಕಡೆ ಒಬ್ಬರು ನಿಲ್ಲುವಷ್ಟು ಪೆಟ್ಟಿಗೆ ಹೊರಗೋಡೆಗೆ ಅಂಟಿಸಬಹುದಂತೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದ್ದೊಂದು ಹಾಕಿದಾಗ ಒಬ್ಬ ಅಜ್ಜಿ ಹನ್ನೊಂದು ಸಲ ಮೇಲೆ ಕೆಳಗೆ ಹೋಗಿಬಂದರಂತೆ. “ಕೊನೇ ಸಲ ಇಳಿಯೋಕೇ ಒಪ್ಪಲಿಲ್ಲ ಕಣೇ. ನಾನು ಒಳಗೇ ನಿಂತು ಅವರ ಜೊತೆ ಓಡಾಡ್ತಿದ್ದೆ. ಆ ದಿನಾನೇ ಅನ್ಸಿತ್ತು, ಈ ಕೆಲಸ ಬಿಡಬಾರದು ಅಂತ.” ಇದನ್ನು ಅವನು ಇದುವರೆಗೆ ಯಾಕೆ ಹೇಳಿರಲಿಲ್ಲವೋ. ನಾಲ್ಕು ಸಂಜೆ ಕೇಳಿದರೂ ಮುಗಿಯದಷ್ಟಿವೆಯಂತೆ ಅವನ ಲಿಫ್ಟ್ ಕಥೆಗಳು!

ಜುಲೈ ೨೨, ಮಂಗಳವಾರ

ಇವತ್ತು ಪಾಠಕ್ಕೆ ಯಾರೂ ಬರಲಾರರು ಎಂದುಕೊಂಡಿದ್ದೆ. ಪಂದ್ಯ ಮುಗಿಯಿತಲ್ಲ. ಮೂವರೂ ನನಗಿಂತ ಮೊದಲೇ ಬಂದು ಕೂತಿದ್ದರು. “ಅದೇ ವಿಷಯ ಇನ್ನೊಂದು ಸಲ ಮಾಡ್ಬೇಕು ಮಿಸ್. ಆದ್ರೆ ನಾವು ಈ ಸಲ ಪರ” ಎಂದಳು ಮೈಕು. ಎದುರು ತಂಡ ಯಾರು ಎಂದರೆ ಮೂವರೂ ನನ್ನ ಕಡೆ ಬೆರಳು ಮಾಡಿದರು! ಶನಿವಾರಕ್ಕೆ ನಿಗದಿಯಾಯಿತು.

ಸಂಜೆ ನಮ್ಮ ಹಳೆಯ ಡಿಬೇಟ್ ಮಿಸ್ ಫೋನ್ ಮಾಡಿದ್ದರು. ಎಷ್ಟು ವರ್ಷವಾಯಿತು ಆ ದನಿ ಕೇಳಿ! ದನಿ ಸ್ವಲ್ಪ ನಡುಗುತ್ತದೆ ಈಗ. “ಏನೇ, ಮದುವೆ ಆಯ್ತಂತೆ! ಗಂಡನಿಗಾದ್ರೂ ಮಾತಾಡೋಕೆ ಬಿಡ್ತೀಯೇನೇ?” ಎಂದರು. ನಕ್ಕು ನಕ್ಕು ಸಾಕಾಯಿತು. ಶನಿವಾರದ ಫೈನಲ್ಲಿಗೆ ಮೊದಲು, ಹಲಗೆಯ ಮೇಲೆ ಹೆಸರಿರುವವರಲ್ಲಿ ಒಬ್ಬರು ವೇದಿಕೆಯಿಂದ ಹತ್ತು ನಿಮಿಷ ಮಾತಾಡಬೇಕಂತೆ. “ನೀನೇ ಬಾ. ನಿನ್ನಷ್ಟು ಚೆನ್ನಾಗಿ ಯಾರು ಮಾತಾಡ್ತಾರೆ?”

ಶನಿವಾರ ಪಾಠ ಇದೆ ಮಿಸ್ ಎಂದೆ.

“ಏನೇ ಹಾಗಂದ್ರೆ! ಒಂದು ದಿನದ ಪಾಠ ತಾನೇ?”

“ಮಕ್ಕಳಿಗೆ ಹೇಳಿಬಿಟ್ಟಿದ್ದೀನಿ ಮಿಸ್.” ಆಮೇಲೆ, “ಕನ್ನಡಕವನ್ನ ಕರೀರಿ. ಆ ವರ್ಷ ನಾನು ಆಡಿದ್ದರಲ್ಲಿ ಅರ್ಧ ಅವಳು ಬರೆದುಕೊಟ್ಟಿದ್ದು” ಎಂದೆ.

“ಅರ್ಧಾನಾ?” ಎಂದರು ಮಿಸ್.

“ಅರ್ಧಕ್ಕಿಂತ ಜಾಸ್ತಿ.”

“ನಂಗೆ ಆವತ್ತೇ ಗೊತ್ತಿತ್ತು ಕಣೇ. ನೀನಾಗೇ ಹೇಳ್ತೀಯ ಅಂತ ಕಾದಿದ್ದೆ” ಎಂದರು. ಅವಳ ನಂಬರ್ ಮಿಸ್ ಬಳಿಯೇ ಇತ್ತು. ಬರೆದುಕೊಂಡೆ. ಫೋನ್ ಮಾಡಿದೆ. ನಾನು ಹೇಳಬೇಕಾದದ್ದನ್ನು ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಕಾದೆ. ಆಮೇಲೆ ಅವಳು ಮಾತಾಡಲು ಶುರು ಮಾಡಿದಳು, ಫೋನ್ ಬಿಸಿಯಾಗುವವರೆಗೂ.

ಜುಲೈ ೨೬, ಶನಿವಾರ

ಗಂಡ ಆ ದಿನದ ರಜೆಯನ್ನು ವಾಪಸ್ ಪಡೆಯದೆ ತರಗತಿಗೆ ಬಂದು ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದ. ಅತ್ತೆ ತೀರ್ಪುಗಾರರು, ಗಂಟೆಯೂ ಅವರದೇ. ನಿಯಮ ಎಂದರೆ ನಿಯಮ ಎಂದು ನನ್ನನ್ನು ಸರಿಯಾಗಿ ಏಳು ನಿಮಿಷಕ್ಕೆ ಕಟ್ ಮಾಡಿದರು. ಲಾಯರ್ ಚಪ್ಪಾಳೆ ತಟ್ಟಿದ. ನಾನು ಹಳೆಯ ಕಟ್ಟಡಗಳನ್ನು ಕೆಡವಬೇಕೆಂದು ವಾದಿಸಿದೆ, ಚೆನ್ನಾಗಿಯೇ ಸೋತೆ. ಏನು ಹೇಳಿದೆನೋ ಈಗ ಸರಿಯಾಗಿ ನೆನಪಿಲ್ಲ. ಗುಮಾಸ್ತೆ ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ಅವಳು ಹೇಳುವಾಗ ಮಧ್ಯೆ ಮಧ್ಯೆ ನಿಲ್ಲುತ್ತಿದ್ದಳು. ಆಗೆಲ್ಲ ಯಾರೂ ಅಲುಗಾಡಲಿಲ್ಲ.

“ನೀವು ಹೇಳಿದ್ದು, ಲಿಫ್ಟ್ ಇಲ್ಲದೇ ಇರೋ ಕಟ್ಟಡ ವಯಸ್ಸಾದವರಿಗೆ ಜೈಲು ಅಂತ. ಸರೀನಾ ಮಿಸ್?… ಹೋದ ವಾರ ಅದನ್ನ ನಾನೇ ಹೇಳಿದ್ದೆ. ಆಮೇಲೆ ಮನೆಗೆ ಹೋಗಿ ತಾತನ್ನೇ ಕೇಳ್ದೆ, ಲಿಫ್ಟ್ ಇರೋ ಹೊ‌ಸ ಮನೆಗೆ ಹೋಗೋಣವಾ ಅಂತ. ಬೇಡ ಅಂದ್ರು. ಇಲ್ಲಿ ಮರದ ಮೆಟ್ಟಿಲು, ಯಾರು ಹತ್ತಿ ಬರ್ತಿದ್ದಾರೆ ಅಂತ ಸದ್ದಲ್ಲೇ ಗೊತ್ತಾಗತ್ತೆ ಅಂದ್ರು. ಅಪ್ಪ ಒಂದೊಂದೇ ಮೆಟ್ಟಿಲು, ಅಮ್ಮ ನಡೂಮಧ್ಯೆ ಒಂದು ಸಲ ನಿಲ್ತಾಳೆ, ನೀನು ಎರಡೆರಡು ಹಾರ್ತೀಯ. ನೀನು ಬರ್ತಿದ್ದೀಯ ಅಂತ ಗೊತ್ತಾದ ತಕ್ಷಣ ನಾನು ಎದ್ದು ಕೂತ್ಕೋತೀನಿ ಅಂದ್ರು… ಎರಡು ವರ್ಷ ಅವರ ಪಕ್ಕದ ಮಂಚದಲ್ಲೇ ಮಲಗಿದ್ದೀನಿ ಮಿಸ್. ಅವರನ್ನ ಕೇಳೋದಕ್ಕೆ ಮೊದಲು ಭಾಷಣ ಮಾಡಿಬಿಟ್ಟಿದ್ದೆ.”